ಸಯನೋಟೈಪ್ ತೊಳೆಯುವಾಗ ನೀಲಿ ನಿಲ್ತಿಲ್ಲ, ಮತ್ತೆ ಅಡಿಕೆ ಸುಗ್ಗಿ ಸೀರೀಸ್‌ಗೆ ಯಾವ ಪ್ರೋಸೆಸ್ ಹೊಂದುತ್ತೆ?

ತೋಟದಮನೆ (ಚನ್ನಗಿರಿ ಕಡೆ)

ಎಲ್ರಿಗೂ ನಮಸ್ಕಾರ. ನಾನು ಮದ್ವೆ ಫೋಟೋಗ್ರಫಿ ಮಾಡೋನು. ಸೀಸನ್ನಲ್ಲಿ ಶೂಟು, ಆಮೇಲೆ ಎಡಿಟಿಂಗು, ಆಲ್ಬಮ್ಮು, ಮತ್ತೆ ಶೂಟು. ಮನೆ ನಡೀತಿರೋದೇ ಆ ಕೆಲಸದಿಂದ, ಅದ್ರ ಮೇಲೆ ಬೇಜಾರಿಲ್ಲ, ಆದ್ರೆ ಸಾವಿರಾರು ಫೋಟೋನ ಒಂದೇ ಪ್ರೀಸೆಟ್ಟಲ್ಲಿ ಒಂದೇ ಬಣ್ಣಕ್ಕೆ ತರ್ತಾ ಕೂತಿರ್ತೀನಲ್ಲ, ಅವಾಗೆಲ್ಲ ಕೈಯಾರೆ ಏನಾದ್ರೂ ಒಂದು ಮಾಡ್ಬೇಕು, ಒಂದೇ ಒಂದು ಪ್ರಿಂಟಾದ್ರೂ ನಾನೇ ಕಾಗದದ ಮೇಲೆ ತರ್ಬೇಕು ಅನ್ನೋದು ತಲೇಲಿ ಓಡ್ತಾನೇ ಇತ್ತು.

ನಮ್ಮ ಕಡೆ ಅಡಿಕೆ ಸುಗ್ಗಿದು ಸುಮಾರು ಫೋಟೋ ತೆಗ್ದಿಟ್ಟಿದೀನಿ. ಕೊನೆ ಇಳ್ಸೋದು, ಖೇಣಿ ಮನೇಲಿ (ತೋಟದ ಫಸಲು ಗುತ್ತಿಗೆ ಹಿಡಿದೋರ ಮನೆ) ರಾತ್ರಿ ಹನ್ನೊಂದರ ತನಕ ಬಲ್ಬಿನ ಕೆಳಗೆ ಸುಲಿಯೋದು, ಸುಲಿಯೋ ಮೆಷಿನ್ನಿನ ಧೂಳು, ಹಂಡೇಲಿ ಬೇಯ್ಸೋ ಹಬೆ, ಕಣದಲ್ಲಿ ಒಣಗಾಕೋದು. ಜೊತೆಗೆ ಬರ ಬಿದ್ದಾಗ ಟ್ಯಾಂಕರಲ್ಲಿ ನೀರು ತಂದು ಗಿಡ ಉಳಿಸ್ಕೊಳ್ತಿದ್ರಲ್ಲ, ಆಗಿನ ಫೋಟೋಗಳೂ ಇದಾವೆ. ಇವನ್ನ ಸೇರ್ಸಿ ಒಂದು ಸೀರೀಸ್ ಮಾಡ್ಬೇಕು ಅಂತ ಆಸೆ.

ಸಯನೋಟೈಪ್ ಅಂದ್ರೆ ಕಬ್ಬಿಣದ ಕೆಮಿಕಲ್ ಬಳಿದ ಕಾಗದನ ಬಿಸಿಲಿಗಿಟ್ಟು ನೀಲಿ ಪ್ರಿಂಟ್ ತೆಗೆಯೋ ಹಳೇ ವಿಧಾನ, ಅದ್ರ ಬಗ್ಗೆ ಓದಿ ಕೆಮಿಕಲ್ ತರಿಸ್ದೆ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಎಂಎಲ್ ನೀರಿಗೆ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ ಇನ್ನೊಂದು 100 ಎಂಎಲ್‌ಗೆ, ಎರಡನ್ನೂ ಸಮ ಸಮ ಬೆರೆಸಿ ಡ್ರಾಯಿಂಗ್ ಶೀಟ್ ಮೇಲೆ ಬ್ರಷ್ಷಲ್ಲಿ ಬಳಿದು ಕತ್ತಲ ರೂಮಲ್ಲಿ ಒಣಗಿಸ್ತೀನಿ. ನೆಗೆಟಿವ್‌ಗೆ ಫೋಟೋನ ಇನ್ವರ್ಟ್ ಮಾಡಿ ಜೆರಾಕ್ಸ್ ಅಂಗಡೀಲಿ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್ ಹಾಕಿಸ್ತೀನಿ. ಹಳೇ ಫೋಟೋ ಫ್ರೇಮಿನ ಗ್ಲಾಸ್ ಕೆಳಗಿಟ್ಟು ಮಧ್ಯಾಹ್ನದ ಬಿಸಿಲಿಗೆ ಒಂದೈದು ನಿಮಿಷ. ನೀರಿಗೆ ಹಾಕಿದ ತಕ್ಷಣ ನೀಲಿ ಚೆನ್ನಾಗೇ ಕಾಣುತ್ತೆ, ಆಮೇಲೆ ತೊಳೀತಾ ತೊಳೀತಾ ಅರ್ಧ ನೀಲಿ ನೀರಿಗೆ ಹೋಗ್ಬಿಡುತ್ತೆ, ಉಳಿದಿದ್ದೂ ಒಣಗೋಷ್ಟ್ರಲ್ಲಿ ಮಂಕಾಗಿ ಅಂಚಲ್ಲೆಲ್ಲ ಹಳದಿ ತಿರುಗುತ್ತೆ. ನೀರು ನಮ್ಮ ಬೋರಿಂದು.

ಇದು ಮೊದಲ್ನೇ ಪ್ರಶ್ನೆ. ಎರಡನೇದು, ನನ್ನ ಫ್ರೆಂಡು ಇದ್ನ ನೋಡಿ, ಫೋಟೋಶಾಪಲ್ಲಿ ಎರಡು ನಿಮಿಷಕ್ಕೆ ಬರೋ ನೀಲಿಗೆ ಇಷ್ಟೆಲ್ಲ ಯಾಕೆ ಒದ್ದಾಡ್ತೀಯ ಅಂದ. ನಂಗೆ ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ. ಅಡಿಕೆ ಫೋಟೋಗೆ ನೀಲಿನೇ ಯಾಕೆ ಅನ್ನೋದು ನನ್ನ ತಲೇಲೂ ಇದೆ. ನೀವೆಲ್ಲ ಇದ್ನ ಹೆಂಗೆ ಯೋಚ್ನೆ ಮಾಡ್ತೀರ, ಯಾವ ಪ್ರೋಸೆಸ್ ಯಾವ ವಿಷ್ಯಕ್ಕೆ ಅಂತ?


ಕೆಂಪುದೀಪ (ಬೆಂಗಳೂರು)

ಮೊದ್ಲು ನೀಲಿ ವಿಷ್ಯ ಮುಗಿಸೋಣ. ನೀವು ಹೇಳ್ತಿರೋದು ಒಂದೇ ತೊಂದ್ರೆ ಥರ ಕಂಡ್ರೂ ಎರಡು ಸೇರ್ಕೊಂಡಿವೆ.

ಒಂದು ಎಕ್ಸ್‌ಪೋಷರ್, ಅಂದ್ರೆ ಬಿಸಿಲಿಗೆ ಇಡೋ ಹೊತ್ತು, ಸಾಲ್ತಿಲ್ಲ. ಬಿಸಿಲಲ್ಲಿರೋ ಯುವಿ ಬಿದ್ದಾಗ ಫೆರಿಕ್ ಕಬ್ಬಿಣ ಫೆರಸ್ ಆಗುತ್ತೆ, ಅದು ಫೆರಿಸಯನೈಡ್ ಜೊತೆ ಸೇರಿ ಪ್ರಷ್ಯನ್ ಬ್ಲೂ ಆಗಿ ಕಾಗದದ ನಾರಲ್ಲಿ ಕೂತ್ಕೊಳ್ಳುತ್ತೆ. ಪ್ರಷ್ಯನ್ ಬ್ಲೂ ನೀರಲ್ಲಿ ಕರಗಲ್ಲ. ಬಿಸಿಲು ಸಾಲ್ದೇ ಇದ್ರೆ ಮೇಲ್ಮೇಲೆ ಸ್ವಲ್ಪ ಆಗಿರುತ್ತೆ, ಮಿಕ್ಕಿದ್ದೆಲ್ಲ ತೊಳೆದ್ರೆ ಹೋಗುತ್ತೆ. ಟೈಮ್ ನೋಡ್ಬೇಡಿ, ಬಣ್ಣ ನೋಡಿ. ನೆಗೆಟಿವ್ ಇಲ್ದೇ ಇರೋ ಅಂಚು ಮೊದ್ಲು ಹಸಿರು ಹಳದಿ ಇರುತ್ತೆ, ಆಮೇಲೆ ನೀಲಿ ಆಗುತ್ತೆ, ಅದೂ ದಾಟಿ ಒಂಥರಾ ಬೂದಿ ಬಣ್ಣಕ್ಕೆ, ಕಂಚಿನ ಬಣ್ಣಕ್ಕೆ ತಿರುಗುತ್ತೆ. ಅಲ್ಲಿವರೆಗೂ ಬಿಡ್ಬೇಕು. ನೋಡಿದ್ರೆ ಕೆಟ್ಟೋಯ್ತು ಅನ್ಸುತ್ತೆ, ಆದ್ರೆ ನೀರಿಗೆ ಬಿದ್ಮೇಲೆ ಅದೇ ಗಾಢ ನೀಲಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಹತ್ತು ಹನ್ನೆರಡು ನಿಮಿಷ, ಮೋಡ ಇದ್ರೆ ಅರ್ಧ ಗಂಟೆ ಮೇಲೂ ಹೋಗ್ಬಹುದು. ಆದ್ರೆ ಇಷ್ಟೊತ್ತು ಬಿಟ್ರೆ ನಿಮ್ಮ ಜೆರಾಕ್ಸ್ ನೆಗೆಟಿವ್ ತಡೆಯಲ್ಲ, ಟೋನರ್ ಕಪ್ಪು ನೋಡಕ್ಕೆ ಕಪ್ಪಿದ್ರೂ ಬಿಸಿಲನ್ನ ಪೂರ್ತಿ ನಿಲ್ಸಲ್ಲ. ಅದೇ ಪ್ರಿಂಟ್ ಎರಡು ತೆಗೆಸಿ ಒಂದ್ರ ಮೇಲೊಂದು ಕರೆಕ್ಟಾಗಿ ಕೂರ್ಸಿ ಟೇಪ್ ಹಾಕಿ. ಇಂಕ್‌ಜೆಟ್ ಇರೋರು ಯಾರಾದ್ರೂ ಸಿಕ್ಕಿದ್ರೆ ಇನ್ನೂ ಒಳ್ಳೇದು. ಏನೂ ಇಲ್ಲಾಂದ್ರೆ ಮಾಮೂಲಿ ಎ4 ಪೇಪರ್ ಮೇಲೆ ನೆಗೆಟಿವ್ ಪ್ರಿಂಟ್ ತೆಗ್ದು ಹಿಂದಿನಿಂದ ಕೊಬ್ರಿ ಎಣ್ಣೆ ಒರೆಸಿ, ಪೇಪರ್ ಪಾರದರ್ಶಕ ಆಗುತ್ತೆ, ಜಾಸ್ತಿ ಎಣ್ಣೆನ ಬಟ್ಟೇಲಿ ಒತ್ತಿ ತೆಗೀರಿ. ಡೀಟೇಲ್ ಸ್ವಲ್ಪ ಮೆತ್ತಗಾಗುತ್ತೆ, ಹಬೆ ಫೋಟೋಗಳಿಗೆ ಅದು ಚೆನ್ನಾಗೇ ಇರುತ್ತೆ.

ಎರಡನೇದು ನಿಮ್ಮ ಬೋರ್ ನೀರು. ಒಣಗ್ತಾ ಹಳದಿ ತಿರುಗುತ್ತೆ ಅಂದ್ರಲ್ಲ, ಅದು ಇದೇ. ಪ್ರಷ್ಯನ್ ಬ್ಲೂಗೆ ಆಸಿಡ್ ಆಗುತ್ತೆ, ಕ್ಷಾರ ಆಗಲ್ಲ. ಬಯಲುಸೀಮೆ ಬೋರ್ ನೀರು ಗಡಸು, ಬಿಂದಿಗೆ ತಳದಲ್ಲಿ ಬಿಳೀ ಪದರ ಕಟ್ಟುತ್ತಲ್ಲ, ಆ ನೀರಲ್ಲಿ ಹೊತ್ತು ಬಿಟ್ರೆ ನೀಲಿ ಒಡೆದು ಕಬ್ಬಿಣದ ಹಳದಿ ಉಳಿಯುತ್ತೆ. ಮೊದ್ಲನೇ ನೀರಿಗೆ ಒಂದು ಲೀಟರ್‌ಗೆ ಒಂದು ಚಮಚ ವಿನೆಗರ್ ಹಾಕಿ, ಇಲ್ಲಾ ಕಿರಾಣಿ ಅಂಗಡೀಲಿ ಸಿಗೋ ನಿಂಬೆ ಉಪ್ಪು ಒಂದೆರಡು ಚಿಟಿಕೆ. ಆಮೇಲಿನ ನೀರು ಆರ್‌ಓ ಇಂದು ಇಲ್ಲಾ ಮಳೆ ನೀರು. ಹಳದಿ ಪೂರ್ತಿ ಬಿಡೋವರೆಗೂ ತೊಳೆದ್ರೆ ಸಾಕು. ಡ್ರಾಯಿಂಗ್ ಶೀಟೂ ಬದಲಾಯ್ಸಿ, ಎಷ್ಟೋ ಶೀಟುಗಳಲ್ಲಿ ಪೇಪರ್ ಹಳದಿ ಆಗ್ಬಾರ್ದು ಅಂತ ಸುಣ್ಣದ ಅಂಶ ಸೇರ್ಸಿರ್ತಾರೆ, ಅದೂ ಕ್ಷಾರನೇ.

ಇನ್ನೊಂದು, ಫೆರಿಸಯನೈಡ್ ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಇಡಿ, ಜೋರು ಆಸಿಡ್ ಯಾವ್ದನ್ನೂ ಅದ್ರ ಹತ್ರ ತರ್ಬೇಡಿ, ಬಾತ್‌ರೂಮ್ ತೊಳೆಯೋ ಆಸಿಡ್ ಅಂತೂ ಬೇಡ್ವೇ ಬೇಡ. ಗ್ಲೌಸ್ ಹಾಕ್ಕೊಳ್ಳಿ.

ನೀಲಿನೇ ಯಾಕೆ ಅನ್ನೋದಕ್ಕೆ ಒಂದು ಮಾತು. 1842ರಲ್ಲಿ ಜಾನ್ ಹರ್ಷೆಲ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದನ್ನ ಕಂಡುಹಿಡಿದ, ಮಾರನೇ ವರ್ಷದಿಂದ್ಲೇ ಆನಾ ಅಟ್ಕಿನ್ಸ್ ಅನ್ನೋ ಸಸ್ಯಶಾಸ್ತ್ರಜ್ಞೆ ಸಮುದ್ರದ ಪಾಚಿಗಳನ್ನ ಈ ಕಾಗದದ ಮೇಲೆ ನೇರವಾಗಿ ಇಟ್ಟು ಬಿಸಿಲಿಗೆ ಹಿಡಿದು ಪುಸ್ತಕ ಮಾಡಕ್ಕೆ ಶುರು ಮಾಡಿದ್ಲು. ಕ್ಯಾಮೆರಾನೇ ಇಲ್ಲ. ಗಿಡದ ಅಳತೆಗೆ ಸರಿಯಾಗಿ ಗಿಡದ್ದೇ ನೆರಳು. ನಿಮ್ಮ ತೋಟದಲ್ಲೂ ಹಿಂಗಾರ (ಅಡಿಕೆ ಹೂಗೊಂಚಲು) ಇದೆ, ಹಾಳೆ ಇದೆ, ಸೋಗೆ ಇದೆ. ನೆಗೆಟಿವ್ ಸರಿಹೋಗೋ ತನಕ ಒಂದು ಹಿಂಗಾರ ಬಿಡಿಸಿ ಕಾಗದದ ಮೇಲಿಟ್ಟು ನೋಡಿ, ಆ ಎಳೆ ಎಳೆ ಎಲ್ಲಾ ಹೆಂಗೆ ಬರುತ್ತೆ ಅಂತ.


ಬಯಲುಬೆಳಕು (ಧಾರವಾಡ)

ಕಾಗದದ ವಿಷಯಕ್ಕ ನಂದೊಂದು ಮಾತು ನೋಡ್ರಿ. ಕೆಲವು ಕಡೆ ಹತ್ತಿ ಚಿಂದಿಲಿಂದ ಕೈಲೇ ಕಾಗದ ಮಾಡ್ತಾರ, ದಪ್ಪ ಇರ್ತೈತಿ, ನೀರಾಗ ಎಷ್ಟೊತ್ತು ಇಟ್ರೂ ಹರಿಯಂಗಿಲ್ಲ. ಮ್ಯಾಲಿನ ಮೈ ಒರಟು ಇರೂದಕ್ಕ ಸಣ್ಣ ಡೀಟೇಲ್ ಬರೂದಿಲ್ಲ, ಆದ್ರ ಕೈ, ಮುಖ, ಹೊಗಿ ಇಂಥಾವಕ್ಕ ಭಾಳ ಚಲೋ. ಕೊಳ್ಳೂ ಮುಂದ ಸುಣ್ಣದ ಅಂಶ ಐತೇನು ಅಂತ ಕೇಳ್ರಿ. ಬಟ್ಟಿ ಮ್ಯಾಲೂ ಮಾಡಬಹುದ್ರಿ. ನಾ ಖಾದಿ ಮ್ಯಾಲೆ ಮಾಡ್ತೀನಿ. ಹೊಸಾ ಬಟ್ಟಿ ಇದ್ರ ಬಿಸಿನೀರಾಗ ಕುದಿಸಿ ಗಂಜಿ ಪೂರ್ತಿ ತಗೀರಿ, ಗಂಜಿ ಉಳದ್ರ ನೀಲಿ ಒಳಗ ಇಳಿಯೂದಿಲ್ಲ, ಮ್ಯಾಲೇ ಕುಂತು ತೊಳಿಯೂ ಮುಂದ ಹೋಗಿಬಿಡ್ತೈತಿ. ಮುಂದ ಆ ಬಟ್ಟಿ ಒಗಿಯೂ ಪ್ರಸಂಗ ಬಂದ್ರ ಸೋಡಾ ಇರೂ ಪೌಡರ್ ಹಾಕಬ್ಯಾಡ್ರಿ.

ನಿಮ್ಮ ಗೆಳೆಯಾರು ಕೇಳಿದ್ದಕ್ಕ ನನ್ನ ಉತ್ತರ ಹಿಂಗೈತಿ. 1854ರ ಡಿಸೆಂಬರದಾಗ ಲಿನಿಯಸ್ ಟ್ರೈಪ್ ಅನ್ನೂ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ, ಆಂಡ್ರ್ಯೂ ನೀಲ್ ಅನ್ನೂ ಡಾಕ್ಟರ್ ಜೋಡಿ ಹಳೇಬೀಡು ಬೇಲೂರಿಗೆ ಹೋಗಿ ಗುಡಿಗಳ ಫೋಟೋ ತಗದಾನ. ಗಾಜು ಅಲ್ರಿ, ಕಾಗದದ ನೆಗೆಟಿವ್. ಆಗಿನ ಕೆಮಿಕಲ್ಲಿಗೆ ನೀಲಿ ಬೆಳಕು ಅತೀ ತಾಗತಿತ್ತು, ಗುಡಿ ಸರಿ ಬರೂ ಹೊತ್ತಿಗೆ ಆಕಾಶ ಪೂರ್ತಿ ಬೆಳ್ಳಗ ಖಾಲಿ ಆಗತಿತ್ತು. ಮುಂದ ಈ ಟ್ರೈಪ್ ತನ್ನ ನೆಗೆಟಿವ್ ಮ್ಯಾಲೆ ತಾನೇ ಬಣ್ಣ ಹಚ್ಚಿ ಮೋಡ ಬರೀತಿದ್ದ. ಅಂದ್ರ ಫೋಟೋ ನಮ್ಮ ನಾಡಿಗೆ ಬಂದ ಹೊಸದರಾಗೇ ಕ್ಯಾಮೆರಾ ಕೆಲಸ ಯಾವುದು ಕೈ ಕೆಲಸ ಯಾವುದು ಅಂತ ಗೆರಿ ಕೊರದು ಹೇಳಾಕ ಆಗತಿರಲಿಲ್ಲ. ಕೈ ಹಾಕೂದು ತಪ್ಪಲ್ಲ, ಫೋಟೋಶಾಪೂ ತಪ್ಪಲ್ಲ. ಆದ್ರ ಫೋಟೋಶಾಪದಾಗ ನೀಲಿ ಅನ್ನೂದು ನೀವು ಆರಿಸಿಕೊಂಡ ಒಂದು ನಂಬರ್. ಇಲ್ಲಿ ಬಿಸಲು, ನೀರು, ಕಾಗದ ಎಲ್ಲಾ ಸೇರಿ ಆ ನೀಲಿ ಎಷ್ಟು ಅನ್ನೂದನ್ನ ತಾವೂ ನಿರ್ಧಾರ ಮಾಡ್ತಾವು. ನನಗ ಅದು ಬೇಕು, ಅದಕ್ಕ ಮಾಡ್ತೀನ್ರಿ.


ನೇರನೋಟ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಹಳೇ ಪ್ರೋಸೆಸ್‌ಗಳ ಎಕ್ಸಿಬಿಷನ್ ನೋಡಕ್ಕೆ ಹೋದಾಗೆಲ್ಲ ನಂಗೆ ಒಂದು ವಿಷ್ಯ ಕಾಡುತ್ತೆ, ಫೋಟೋ ಸಾಧಾರಣವಾಗಿದ್ರೂ ಬ್ರಷ್ಷಿನ ಅಂಚು, ಒರಟು ಕಾಗದ, ನೀಲಿ ಬಣ್ಣ ಇವೆಲ್ಲ ಸೇರಿ ಅದನ್ನ ಕಲೆ ಥರ ಕಾಣಿಸ್ಬಿಡುತ್ತೆ. ನೋಡೋರು ಪ್ರೋಸೆಸ್ ಬಗ್ಗೆನೇ ಕೇಳ್ತಾರೆ, ಫೋಟೋದಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ನಿಮ್ಮ ಹತ್ರ ಖೇಣಿ ಮನೇಲಿ ರಾತ್ರಿ ಸುಲಿಯೋರ ಫೋಟೋ ಇದೆ ಅಂದ್ರಿ. ಅದು ಕೂಲಿ ಕೆಲಸ, ಉಗುರಿನ ಸಂದಿಯೆಲ್ಲ ಕಪ್ಪಾಗಿರುತ್ತೆ, ನಿದ್ದೆ ಇರಲ್ಲ. ಅದನ್ನ ನೀಲಿ ಮಾಡಿ ಚೆಂದ ಮಾಡೋದು ಆ ಹೆಂಗಸರಿಗೆ ನ್ಯಾಯಾನಾ ಅಂತ ಯೋಚ್ನೆ ಮಾಡಿ.

ನಾನಾಗಿದ್ರೆ ಮೊದ್ಲು ಸುಮ್ನೆ ಮಾಮೂಲಿ ಕಪ್ಪು ಬಿಳುಪು ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟ್ಸಿ, ಒಂದು ತಿಂಗಳು ದಿನಾ ನೋಡ್ತೀನಿ. ಯಾವ ಫೋಟೋ ಯಾವ ಅಲಂಕಾರನೂ ಇಲ್ದೇ ನಿಲ್ಲುತ್ತೋ ಅದನ್ನ ಇಟ್ಕೊಂಡು, ಆಮೇಲೆ ಇದಕ್ಕೆ ಪ್ರೋಸೆಸ್ ಬೇಕಾ ಅಂತ ಕೇಳ್ಕೊಳ್ತೀನಿ. ಬೇಕು ಅನ್ಸಿದ್ರೆ ಕಾರಣ ಹೇಳೋಕೆ ಬರ್ಬೇಕು. ಬಿನ್ ದಾನ್ ಅಂತ ವಿಯೆಟ್ನಾಂ ಮೂಲದ ಅಮೆರಿಕದ ಕಲಾವಿದ ಇದಾರೆ, ಯುದ್ಧದ ಕಾಲದ ಫೋಟೋಗಳನ್ನ, ಕಾಂಬೋಡಿಯಾದಲ್ಲಿ ಖಮೇರ್ ರೂಜ್ ಆಡಳಿತದ ಕೈಲಿ ಸತ್ತವರ ಮುಖಗಳನ್ನ, ಜೀವಂತ ಎಲೆಗಳ ಮೇಲೆ ಬಿಸಿಲಿಂದ್ಲೇ ಮೂಡಿಸಿದ್ರು. ಎಲೆ ಹಸಿರು ಬಿಸಿಲಿಗೆ ಎಷ್ಟು ಬಿಳಚುತ್ತೋ ಅಷ್ಟು ಚಿತ್ರ. ಆ ಯುದ್ಧ ನಡೆದಿದ್ದೇ ಕಾಡಲ್ಲಿ, ಗದ್ದೇಲಿ. ಅಲ್ಲಿ ಎಲೆನೇ ಯಾಕೆ ಅಂತ ಯಾರೂ ಕೇಳಲ್ಲ, ನೋಡಿದ್ರೇ ಗೊತ್ತಾಗುತ್ತೆ. ನಿಮ್ಮ ಅಡಿಕೆಗೆ ಅಂಥದ್ದು ಏನು ಅನ್ನೋದು ಹುಡುಕಿ, ನೀಲಿ ಆಮೇಲೆ ನೋಡ್ಕೋಬಹುದು.


ತೋಟದಮನೆ

ಕೆಂಪುದೀಪ ಸರ್, ತುಂಬಾ ಥ್ಯಾಂಕ್ಸ್. ಡಬಲ್ ನೆಗೆಟಿವ್ ಹಾಕಿ, ಕಂಚಿನ ಬಣ್ಣ ಬರೋವರೆಗೂ ಬಿಟ್ಟು, ನಿಂಬೆ ಉಪ್ಪಿನ ನೀರಲ್ಲಿ ತೊಳೆದೆ. ನೀಲಿ ನಿಂತಿದೆ. ನಮ್ಮಮ್ಮ ಹೊಸ ಸೀರೆ ಬಣ್ಣ ಇದ್ದಂಗಿದೆ ಅಂದ್ರು. ಹಿಂಗಾರದ ಪ್ರಿಂಟು ಎಲ್ಲಕ್ಕಿಂತ ಚೆನ್ನಾಗಿ ಬಂತು, ಒಂದೊಂದು ಕಾಳೂ ಬಿಳೀ ಚುಕ್ಕೆ ಆಗಿ ನಿಂತಿದೆ.

ನೇರನೋಟ ಅವ್ರೇ, ನೀವು ಕೇಳಿದ್ದು ಸರಿ ಇದೆ, ಸುಲಿಯೋರ ಫೋಟೋ ನೀಲೀಲಿ ನೋಡಿದಾಗ ನಂಗೂ ಏನೋ ಹೊಂದ್ತಿಲ್ಲ ಅನ್ಸ್ತು. ಅವ್ರ ಕೈ ಬಣ್ಣನೇ ಬೇರೆ ಅಲ್ವಾ, ಚೊಗರು (ಅಡಿಕೆ ಬಿಡೋ ಒಗರು ರಸ) ಹತ್ತಿ ಹತ್ತಿ ಕಂದು ಕಪ್ಪು. ಸಯನೋಟೈಪ್‌ನ ಟೀ ಡಿಕಾಕ್ಷನ್ನಲ್ಲಿ ಹಾಕಿ ಕಂದು ಮಾಡ್ತಾರೆ ಅಂತ ಓದಿದೀನಿ. ಟೀ ಬದ್ಲು ಅಡಿಕೆ ಚೊಗರೇ ಹಾಕಿದ್ರೆ? ನಮ್ಮಲ್ಲಿ ಸುಗ್ಗೀಲಿ ಹಂಡೆಗಟ್ಲೆ ಇರುತ್ತೆ. ಯಾರಾದ್ರೂ ಮಾಡಿದೀರಾ?


ಪುಂಡಿನಾರು (ಸಾಗರ)

ಚೊಗರು ಅಂತ ನೋಡಿ ಬರೀಲೇಬೇಕು ಅನ್ನಿಸ್ತು. ನಾನು ಫೋಟೋಗ್ರಾಫರ್ ಅಲ್ಲ, ಹಸೆ ಚಿತ್ತಾರ (ಮಲೆನಾಡಿನ ಗೋಡೆ ಚಿತ್ರ) ಮತ್ತೆ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕೋ ಕೆಲಸ ಮಾಡ್ತೀನಿ, ಆದ್ರೆ ಸಯನೋಟೈಪ್ ಮೇಲೆ ಚೊಗರು ಹಾಕಿ ನೋಡಿದೀನಿ. ಖಂಡಿತ ಆಗುತ್ತೆ. ಟೀಯಲ್ಲಿ ಕೆಲಸ ಮಾಡೋದು ಟ್ಯಾನಿನ್ ಅನ್ನೋ ಒಗರು ಅಂಶ, ಚೊಗರಲ್ಲಿ ಅದು ಬೇಕಾದಷ್ಟಿದೆ. ಕಬ್ಬಿಣಕ್ಕೆ ಟ್ಯಾನಿನ್ ಸೇರಿದ್ರೆ ಕಪ್ಪು, ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಮಾಡೋದು ಇದೇ ಲೆಕ್ಕದಲ್ಲಿ. ನಿಮ್ಮ ನೀಲಿ ಪ್ರಿಂಟಲ್ಲಿ ಇರೋದೂ ಕಬ್ಬಿಣನೇ ಅಲ್ವಾ. ಇಲ್ಲೇ ಹೆಗ್ಗೋಡು ಹತ್ರ ಭೀಮನಕೋಣೆಯ ಚರಕ ಅನ್ನೋ ಕೈಮಗ್ಗದ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಎಷ್ಟೋ ವರ್ಷದಿಂದ ಅಡಿಕೆ ಚೊಗರಿನ ಬಣ್ಣ ಹಾಕ್ತಿದಾರೆ, ಆ ಕೆಂಪು ಕಂದು ಒಂದ್ಸಲ ನೋಡಿದ್ರೆ ಮರೆಯಲ್ಲ.

ಮಾಡೋ ರೀತಿ ಎರಡು. ಒಂದು, ಚೆನ್ನಾಗಿ ಒಣಗಿದ ನೀಲಿ ಪ್ರಿಂಟನ್ನ ಮತ್ತೆ ಒದ್ದೆ ಮಾಡಿ ನೇರವಾಗಿ ತೆಳು ಚೊಗರಿಗೆ ಹಾಕೋದು. ನೀಲಿ ಉಳ್ಕೊಂಡು ಕಪ್ಪಿಗೆ ತಿರುಗುತ್ತೆ, ಬಿಳಿ ಜಾಗ ಎಲ್ಲಾ ಕೆಂಪು ಕಂದು ಹಿಡಿಯುತ್ತೆ. ಇನ್ನೊಂದು, ಮೊದ್ಲು ವಾಷಿಂಗ್ ಸೋಡಾ ನೀರಲ್ಲಿ ನೀಲಿ ತೆಗೆಯೋದು. ಲೀಟರ್ ನೀರಿಗೆ ಅರ್ಧ ಚಮಚ ಸಾಕು, ಪ್ರಿಂಟ್ ಹಾಕಿ ಅಲ್ಲೇ ನಿಂತು ನೋಡಿ, ನೀಲಿ ನೇರಳೆ ಆಗಿ, ಆಮೇಲೆ ತೆಳು ಹಳದಿ ಆಗಿ ಚಿತ್ರ ಹೋಗೇಬಿಡ್ತೇನೋ ಅನ್ನೋ ಹಾಗೆ ಆಗುತ್ತೆ. ಕಬ್ಬಿಣ ಕಾಗದದಲ್ಲೇ ಇರುತ್ತೆ, ಹೆದರ್ಬೇಡಿ. ಎರಡು ಮೂರು ನೀರಲ್ಲಿ ಸೋಡಾ ಪೂರ್ತಿ ತೊಳೆದು ಚೊಗರಿಗೆ ಹಾಕಿ, ನಿಧಾನಕ್ಕೆ ನೆರಳಿರೋ ಜಾಗದಿಂದ ಶುರುವಾಗಿ ಚಿತ್ರ ಕಂದು ಕಪ್ಪಾಗಿ ವಾಪಸ್ ಬರುತ್ತೆ. ಕಾಲು ಗಂಟೆಯಿಂದ ಒಂದು ಗಂಟೆ, ಚೊಗರು ಎಷ್ಟು ಗಟ್ಟಿ ಇದೆ ಅನ್ನೋದ್ರ ಮೇಲೆ. ಹಂಡೆ ತಳದ ಗಟ್ಟಿ ಚೊಗರು ಹಾಗೇ ಹಾಕ್ಬೇಡಿ, ಬಟ್ಟೇಲಿ ಸೋಸಿ ನೀರು ಬೆರೆಸಿ, ಇಲ್ಲಾಂದ್ರೆ ಕಾಗದ ಪೂರ್ತಿ ಕೆಂಪಾಗಿ ಮುಖ ಎಲ್ಲಾ ಮುಚ್ಚೋಗುತ್ತೆ. ಬೇಗ ಹುಳಿ ಬಂದು ವಾಸನೆ ಬರುತ್ತೆ, ಅವತ್ತಿಂದು ಅವತ್ತೇ ಬಳಸಿ.

ನೇರನೋಟ ಅವ್ರು ಕೇಳಿದ್ದಕ್ಕೆ ನಾನು ಚಿತ್ತಾರದಿಂದ್ಲೇ ಹೇಳ್ತೀನಿ. ನಮ್ಮ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿತಿದ್ರು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಅಕ್ಕೀನ ಹುರಿದು ಸುಟ್ಟು ಅರೀತಿದ್ರು, ಹಳದಿಗೆ ಗುರಿಗೆ ಕಾಯಿ, ಬ್ರಷ್ಷಿಗೆ ಪುಂಡಿ ನಾರು. ಎಲ್ಲಾ ಮನೆ ಸುತ್ತ ಇರೋದೇ. ಅಕ್ಕಿ ಬೆಳೆದ ಮನೇಲಿ ಮದ್ವೆ ಆದ್ರೆ ಅಕ್ಕಿಯಿಂದ್ಲೇ ಗೋಡೆ ಮೇಲೆ ಚಿತ್ತಾರ. ಇವತ್ತು ಅದನ್ನೇ ಪ್ಲೈವುಡ್ ಮೇಲೆ ಅಕ್ರಿಲಿಕ್ಕಲ್ಲಿ ಬರೆದು ಮಾರ್ತೀವಿ, ನಾನೂ ಬರೀತೀನಿ, ಅದ್ರಿಂದ ನಾಲ್ಕು ಕಾಸು ಬರುತ್ತೆ, ಆದ್ರೆ ಗೆರೆ ಅದೇ ಇದ್ರೂ ಅಕ್ಕಿ ಹಿಟ್ಟಿನ ಬಿಳಿ ಮಣ್ಣಿನ ಮೇಲೆ ಒಣಗೋ ರೀತಿ ಅಲ್ಲಿ ಬರಲ್ಲ. ಹಾಗಾಗಿ ಸುಲಿಯೋರ ಕೈಗಳ ಫೋಟೋನ ಅದೇ ಸುಗ್ಗಿ ಚೊಗರಲ್ಲೇ ಮೂಡಿಸೋದು ನಂಗೆ ಅಲಂಕಾರ ಅನ್ಸಲ್ಲ. ಆ ಕೈ ಕಪ್ಪಾಗಿದ್ದೂ ಅದ್ರಿಂದ್ಲೇ. ಒಂದು ಮಾತ್ರ, ಮಾಡಿದ್ಮೇಲೆ ಅವ್ರಿಗೆ ತೋರ್ಸಿ, ಒಂದೊಂದು ಪ್ರಿಂಟ್ ಕೊಡಿ.


ಕಡಲತಡಿ ಗುಬ್ಬಿ (ಉಡುಪಿ)

ಕೆಮಿಕಲ್ಲೇ ಬೇಡ ಅನ್ನುವವರಿಗೆ ಆಂಥೋಟೈಪ್ ಉಂಟಲ್ಲ ಮಾರಾಯ್ರೆ, ಯಾರೂ ಹೇಳ್ಲೇ ಇಲ್ಲ. ಹೂವಿನ, ಎಲೆಯ, ಹಣ್ಣಿನ ರಸ ಕಾಗದಕ್ಕೆ ಬಳಿದು ಬಿಸಿಲಿಗೆ ಇಡುವುದು ಅಷ್ಟೇ. ಬಿಸಿಲು ಬಿದ್ದಲ್ಲಿ ಬಣ್ಣ ಹೋಗ್ತದೆ, ಮುಚ್ಚಿದಲ್ಲಿ ಉಳೀತದೆ. ಹಾಗಾಗಿ ಇದಕ್ಕೆ ನೆಗೆಟಿವ್ ಅಲ್ಲ, ಪಾಸಿಟಿವ್ ಶೀಟೇ ಬೇಕು, ಇನ್ವರ್ಟ್ ಮಾಡ್ಲಿಕ್ಕೆ ಹೋಗ್ಬೇಡಿ. ಇದರ ಮೇಲೂ ಅದೇ ಹರ್ಷೆಲ್ ಕೆಲಸ ಮಾಡಿದ್ದಾನೆ, 1842ರಲ್ಲೇ ಬರೆದೂ ಇದ್ದಾನೆ, ಮೇರಿ ಸೊಮರ್‌ವಿಲ್ ಎನ್ನುವ ವಿಜ್ಞಾನಿ ಕೂಡ ಅದೇ ಕಾಲದಲ್ಲಿ ಗಿಡದ ರಸಗಳ ಮೇಲೆ ಬಿಸಿಲಿನ ಪ್ರಯೋಗ ಮಾಡಿದ್ದಾರೆ.

ಶುರು ಮಾಡ್ಲಿಕ್ಕೆ ಅರಿಶಿನದಷ್ಟು ಒಳ್ಳೆಯದು ಬೇರೆ ಇಲ್ಲ. ಅರಿಶಿನ ಪುಡಿಯನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು ಸೋಸಿ ಬಳಿಯಿರಿ, ಬೆಂಕಿ ಹತ್ತಿರ ಬೇಡ. ಒಳ್ಳೆಯ ಬಿಸಿಲಿದ್ದರೆ ಕೆಲವು ಗಂಟೆಗಳಲ್ಲಿ ಚಿತ್ರ ಮೂಡ್ತದೆ, ಆದ್ರೆ ಹಳದಿ ಮೇಲೆ ತೆಳು ಹಳದಿ, ಸರಿ ಕಾಣುವುದಿಲ್ಲ. ಆಮೇಲೆ ಉಂಟು ವಿಷಯ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡ್ತೇವಲ್ಲ, ಅದೇ ಇಲ್ಲಿ ಡೆವಲಪರ್! ಸುಣ್ಣದ ತಿಳಿನೀರು ಸ್ಪ್ರೇ ಮಾಡಿ, ಅರಿಶಿನ ಉಳಿದ ಕಡೆ ಎಲ್ಲಾ ಒಮ್ಮೆಲೇ ಕೆಂಪಾಗ್ತದೆ. ಮನೆಯವರನ್ನೆಲ್ಲ ಕರೆದು ತೋರಿಸ್ಬೇಕು ಅನ್ಸುವ ಕ್ಷಣ ಅದು. ಸುಣ್ಣದ ಕೆಂಪು ಒಣಗ್ತಾ ಮಂಕಾಗ್ತದೆ, ಹೆಚ್ಚು ದಿನ ನಿಲ್ಬೇಕಾದ್ರೆ ಗ್ರಂಥಿಗೆ ಅಂಗಡಿಯಲ್ಲಿ ಬಿಳಿಗಾರ ಅಂತ ಕೇಳಿ, ಬೋರಾಕ್ಸ್ ಅದೇ, ಅದರ ನೀರು ಹಾಕಿದ್ರೆ ಕಂದು ಕೆಂಪು ಗಟ್ಟಿ ಬರ್ತದೆ. ಬಸಳೆ ಹಣ್ಣಿನ ರಸವೂ ಚಂದ, ಗಾಢ ನೇರಳೆ, ಆದ್ರೆ ಅದಕ್ಕೆ ದಿನಗಟ್ಟಲೆ ಬಿಸಿಲು ಬೇಕು. ನಮ್ಮಲ್ಲಿ ಜೂನ್ ಬಂತೆಂದ್ರೆ ಎಲ್ಲಾ ಕಟ್ಟಿಡಬೇಕು, ಬಿಸಿಲೂ ಇಲ್ಲ, ಕಾಗದ ಒಣಗುವುದೂ ಇಲ್ಲ.

ಆದ್ರೆ ಒಂದು ಗೊತ್ತಿರ್ಲಿ, ಇದಕ್ಕೆ ಫಿಕ್ಸರ್, ಅಂದ್ರೆ ಚಿತ್ರ ಮಾಸದಂತೆ ನಿಲ್ಲಿಸುವ ದ್ರಾವಣ, ಇಲ್ಲ. ಬೆಳಕಲ್ಲಿ ಇಟ್ಟಷ್ಟೂ ಹೋಗ್ತಾ ಇರ್ತದೆ. ಅದಕ್ಕೆ ಮಾಡಿದ ದಿನವೇ ಸ್ಕ್ಯಾನ್ ಮಾಡಿ ಇಟ್ಟು, ಒರಿಜಿನಲ್ ಡ್ರಾಯರ್‌ನಲ್ಲಿ ಇಡಿ.


ನೇರನೋಟ

ಪುಂಡಿನಾರು ಮೇಡಂ, ಚೊಗರಿನ ಮಾತು ಒಪ್ದೆ. ಕಾರಣ ಅಂದ್ರೆ ಅದು, ನಂಗೆ ಬೇಕಿದ್ದಿದ್ದೂ ಅದೇ. ಗುಬ್ಬಿಯವ್ರ ಅರಿಶಿನದ ಬಗ್ಗೆ ಮಾತ್ರ ನಂಗೆ ಇನ್ನೂ ಅನುಮಾನ. ಮಾಸಿ ಹೋಗೋ ಪ್ರಿಂಟನ್ನ ಸುಗ್ಗಿ ಮಾಡೋರ ಮುಖಕ್ಕೆ ಬಳಸೋದು ಬೇಡ ಅನ್ಸುತ್ತೆ. ಅವ್ರ ಫೋಟೋ ಉಳೀಬೇಕು, ಮೊದ್ಲೇ ಅವ್ರ ಫೋಟೋಗಳು ಯಾರ ಮನೆ ಗೋಡೆ ಮೇಲೂ ಇರಲ್ಲ. ಮಾಸೋ ಪ್ರೋಸೆಸ್ಸನ್ನ ಮಾಸೋ ವಿಷ್ಯಕ್ಕೆ ಇಟ್ಕೊಳ್ಳಿ, ಈಗ ಕಾಣ್ಸದೇ ಇರೋ ಹಳೇ ಅಡಿಕೆ ಚಪ್ಪರ, ಕಡಿದು ಹಾಕಿದ ತೋಟ, ಅಂಥವು.


ಕೆಂಪುದೀಪ (ಬೆಂಗಳೂರು)

ತೋಟದಮನೆಯವ್ರೇ, ನಿಮ್ಮ ಮೊದಲ್ನೇ ಪೋಸ್ಟನ್ನ ಇವತ್ತು ಮತ್ತೆ ಓದ್ದೆ. ಬರಗಾಲದ ಟ್ಯಾಂಕರ್ ಫೋಟೋ ಇದಾವೆ ಅಂದಿದೀರ, ಅದೇ ಪೋಸ್ಟಲ್ಲಿ ಬೋರ್ ನೀರಲ್ಲಿ ನೀಲಿ ಹೋಗ್ತಿದೆ ಅಂತಾನೂ ಇದೆ. ನಾವೆಲ್ಲ ಎರಡನೇದನ್ನ ರಿಪೇರಿ ಮಾಡೋ ತೊಂದ್ರೆ ಅಂತ್ಲೇ ನೋಡಿದ್ವಿ. ಸುಲಿಯೋರ ಫೋಟೋಗೆ ಚೊಗರು ಸರಿ, ಟ್ಯಾಂಕರ್ ಫೋಟೋಗಳಿಗೆ ಆ ನೀರೇ ನಿಮ್ಮ ಪ್ರೋಸೆಸ್ ಆಗ್ಬಹುದಲ್ವಾ? ಒಂದೇ ನೆಗೆಟಿವ್, ಒಂದೇ ಕಾಗದ, ಒಂದೇ ಎಕ್ಸ್‌ಪೋಷರ್, ನಾಲ್ಕು ಪ್ರಿಂಟು. ಒಂದನ್ನ ಮಳೆ ನೀರಲ್ಲಿ ತೊಳೀರಿ, ಒಂದು ನಿಮ್ಮ ಕಡೆ ಇರೋ ಸೂಳೆಕೆರೆ ನೀರಲ್ಲಿ, ಒಂದು ಟ್ಯಾಂಕರ್ ನೀರು, ಒಂದು ನಿಮ್ಮ ಬೋರ್ ನೀರಲ್ಲಿ ರಾತ್ರಿ ಪೂರ್ತಿ ಬಿಡಿ. ಯಾವ ನೀರು ಎಷ್ಟು ನೀಲಿ ತಿನ್ನುತ್ತೆ ಅನ್ನೋದು ಕಾಗದದ ಮೇಲೇ ಇರುತ್ತೆ, ನೀವು ಕೈ ಹಾಕೋದೇ ಬೇಡ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಕೆಳಗೆ ನೀರು ಎಲ್ಲಿಂದು ಅಂತ ಪೆನ್ಸಿಲ್ಲಲ್ಲಿ ಬರೀರಿ. ನಾಲ್ಕಕ್ಕೂ ತೊಳೆಯೋ ಹೊತ್ತು ಒಂದೇ ಇಟ್ಟು ಇನ್ನೊಂದು ಸೆಟ್ ಬೇರೆ ಮಾಡಿ, ಆಗ ನೀರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತೆ. ನೋಟ್ ಬುಕ್ಕಲ್ಲಿ ತಾರೀಖು, ಬಿಸಿಲು, ಕಾಗದ, ನೀರು ಎಲ್ಲಾ ಬರೆದಿಡಿ, ಮುಂದಿನ ಸುಗ್ಗಿ ಹೊತ್ತಿಗೆ ಯಾವುದೂ ನೆನಪಿರಲ್ಲ.


ತೋಟದಮನೆ

ಸರ್, ಇದನ್ನ ಓದಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಎಂಟ್ನೂರರಿಂದ ಸಾವಿರ ಅಡಿ ಕೊರೆಸಿದ ನೀರು ಗಿಡಕ್ಕೂ ಸರಿಯಾಗಿ ಆಗಲ್ಲ ಅಂತ ನಮ್ಮಪ್ಪ ಯಾವಾಗ್ಲೂ ಹೇಳ್ತಿರ್ತಾರೆ. ಮಾಡ್ತೀನಿ, ಈ ಭಾನುವಾರಾನೇ ಕೆರೆ ನೀರು ತರ್ತೀನಿ, ಮಳೆ ನೀರು ಮಾತ್ರ ಕಾಯ್ಬೇಕು. ಚೊಗರಿಗೂ ಸುಗ್ಗಿ ಬರೋವರೆಗೂ ಕಾಯ್ಬೇಕು, ಅಲ್ಲಿವರೆಗೆ ಟೀ ಡಿಕಾಕ್ಷನ್ನಲ್ಲಿ ಕೈ ಪಳಗಿಸ್ಕೊಳ್ತೀನಿ. ಪುಂಡಿನಾರು ಅಕ್ಕ, ಸುಲಿಯೋರಿಗೆ ಪ್ರಿಂಟ್ ಕೊಡೋದು ಖಂಡಿತ. ನೇರನೋಟ ಅವ್ರು ಹೇಳ್ದಂಗೆ ಮಾಮೂಲಿ ಪ್ರಿಂಟುಗಳನ್ನೂ ಹಾಕಿಸಿ ಸ್ಟುಡಿಯೋ ಗೋಡೆಗೆ ಅಂಟಿಸ್ತಿದೀನಿ. ಒಂದು ಸಣ್ಣ ಡೌಟು, ಸಿಟ್ರೇಟ್ ಬಾಟ್ಲಿ ಮೇಲೆ ಬೂಷ್ಟು ಥರ ಏನೋ ಕಟ್ಟಿದೆ, ಎಸೀಬೇಕಾ?


ಕೆಂಪುದೀಪ (ಬೆಂಗಳೂರು)

ಎಸೀಬೇಡಿ, ಎಲ್ರಿಗೂ ಆಗುತ್ತೆ, ಸಿಟ್ರೇಟ್ ಅಂದ್ರೆ ಬೂಷ್ಟಿಗೆ ಊಟ. ಕಾಫಿ ಫಿಲ್ಟರ್ ಪೇಪರಲ್ಲಿ ಇಲ್ಲಾ ದಪ್ಪ ಬಟ್ಟೇಲಿ ಸೋಸಿ, ಬಣ್ಣದ ಬಾಟ್ಲಿಗೆ ಹಾಕಿ ತಣ್ಣಗಿರೋ ಕಡೆ ಇಡಿ, ಅಡುಗೆ ಫ್ರಿಜ್ಜಲ್ಲಿ ಬೇಡ. ಎರಡು ದ್ರಾವಣ ಬೇರೆ ಬೇರೆನೇ ಇರ್ಲಿ, ಬೇಕಾದಾಗ ಬೇಕಾದಷ್ಟೇ ಬೆರೆಸಿ. ನಾಲ್ಕು ನೀರಿನ ಪ್ರಿಂಟ್ ಆದ್ಮೇಲೆ ಇಲ್ಲೇ ಹಾಕಿ.